ಸಹಿ ಅಸಲಿ, ಕತೆ ಬೇರೆ: ಡೊಂಬಿವಲಿಯ ಒಂದು ಕ್ರಿಕೆಟ್ ಹಾಳೆಯ ಪ್ರಕರಣ

ಅಂಗೈಗಿಂತ ಸ್ವಲ್ಪ ದೊಡ್ಡದಾದ, ಗೆರೆಯಿಲ್ಲದ ತೆಳು ಕಾಗದ. ಅದರ ಮೇಲೆ ಭಾರತದ ಕ್ರಿಕೆಟ್ ಆಟಗಾರರ ಹನ್ನೊಂದು ಸಹಿಗಳು. ಕೆಲವು ಶಾಯಿ ಪೆನ್ನಿನವು, ಕೆಲವು ಬಾಲ್ ಪೆನ್ನಿನವು. ಹಾಳೆಯನ್ನು ಆಲ್ಬಮಿನ ಕಂದು ಪುಟಕ್ಕೆ ಮೈದಾ ಅಂಟಿನಿಂದ ಅಂಟಿಸಲಾಗಿತ್ತು. ಕೆಳಗೆ ದುಂಡಗಿನ ಕನ್ನಡ ಅಕ್ಷರಗಳಲ್ಲಿ ‘ಇಂಗ್ಲೆಂಡನ್ನು ಗೆದ್ದ ನಮ್ಮ ತಂಡ, ನಾಯಕ ವಾಡೇಕರ್’ ಎಂಬ ಒಂದು ಸಾಲು. ಆ ಸಾಲಿನ ಮುಂದೆಯೇ ‘1971, ಓವಲ್’ ಎಂದಿತ್ತು. ಓವಲ್ ಎಂದರೆ 1971ರಲ್ಲಿ ಭಾರತ ಇಂಗ್ಲೆಂಡನ್ನು ಸೋಲಿಸಿದ ಲಂಡನ್ನಿನ ಕ್ರೀಡಾಂಗಣ. ಡೊಂಬಿವಲಿಯ ಕನ್ನಡ ಕುಟುಂಬವೊಂದು ಇದನ್ನು ಮಾರಲು ಹೊರಟಾಗ ಎದ್ದ ಪ್ರಶ್ನೆಗಳು, ಅವುಗಳಿಗೆ ಸಿಕ್ಕ ಉತ್ತರಗಳು ಮತ್ತು ಸಿಗದೇ ಉಳಿದ ಉತ್ತರಗಳನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಎರಡೂ ಕಡೆಯವರ ಒಪ್ಪಿಗೆ ಪಡೆದಿದ್ದೇನೆ. ಅವರ ಹೆಸರುಗಳನ್ನು ಮಾತ್ರ ಬಿಟ್ಟಿದ್ದೇನೆ.

ಮಾರುವವರು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಶಿಕ್ಷಕಿ. ಅವರ ತಂದೆ ಉಡುಪಿಯ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬೈಗೆ ಬಂದವರು. ಹಗಲು ಚರ್ಚ್‌ಗೇಟ್ ಬಳಿಯ ಹೋಟೆಲಿನಲ್ಲಿ ದುಡಿಮೆ, ರಾತ್ರಿ ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ಓದು. ಮುಂದೆ ಅದೇ ಹೋಟೆಲಿನ ಗಲ್ಲಾದಲ್ಲಿ ಕುಳಿತು ಬದುಕು ಕಟ್ಟಿದರು. ಹೋಟೆಲಿನಿಂದ ಬ್ರೆಬೋರ್ನ್ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದಿತ್ತು. ಕೊಳ್ಳಲು ಬಂದವನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಧಾರವಾಡದ ತರುಣ. ಕರ್ನಾಟಕದ ಆಟಗಾರರ, ಅದರಲ್ಲೂ ಜಿ. ಆರ್. ವಿಶ್ವನಾಥ್ ಮತ್ತು ಬಿ. ಎಸ್. ಚಂದ್ರಶೇಖರ್ ಅವರ ಹಳೆಯ ಸಹಿಗಳನ್ನು ಹುಡುಕಿ ಸಂಗ್ರಹಿಸುವುದು ಅವನ ಹವ್ಯಾಸ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನ ಕಾರ್ಯಕ್ರಮವೊಂದರಲ್ಲಿ ಇಬ್ಬರಿಗೂ ಪರಿಚಯವಾಯಿತು. ನಾನು ಇಬ್ಬರಿಗೂ ಗೊತ್ತಿದ್ದವನು. ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಂದಿಗೆ ತಾಳೆ ನೋಡುವುದೇ ಬಹುಕಾಲ ನನ್ನ ಕೆಲಸವಾಗಿದ್ದರಿಂದ ಹಾಳೆ ನನ್ನ ಮೇಜಿಗೆ ಬಂತು.

ಮೊದಲ ಭೇಟಿಯಲ್ಲೇ ಮಾತು ಕೆಟ್ಟಿತು. ತರುಣ ಹಿಂದೊಮ್ಮೆ ಪ್ರಮಾಣಪತ್ರ ಸಹಿತ ಕೊಂಡ ಬ್ಯಾಟೊಂದರ ಸಹಿ ಅಚ್ಚು ಹಾಕಿದ್ದೆಂದು ಆಮೇಲೆ ತಿಳಿದು ದುಡ್ಡು ಕಳೆದುಕೊಂಡಿದ್ದ. ಹಾಗಾಗಿ ಒಂದರ ಮೇಲೊಂದು ಪ್ರಶ್ನೆ ಕೇಳಿದ. ಇದು ಎಲ್ಲಿ ಸಿಕ್ಕಿತು? ಯಾರ ಎದುರು ಸಹಿ ಹಾಕಿದರು? ಸಾಕ್ಷಿ ಏನು? ಶಿಕ್ಷಕಿಯ ಮುಖ ಬಿಗಿಯಿತು. “ನೋಡಪ್ಪ, ನನ್ನ ತಂದೆ ಒಂದು ಕಾಫಿಯ ಲೆಕ್ಕವನ್ನೂ ತಪ್ಪಿಸಿದವರಲ್ಲ. ಸುಳ್ಳು ಸಹಿ ಅಂಟಿಸಿಟ್ಟುಕೊಂಡು ನಮಗೆ ತೋರಿಸುತ್ತಿದ್ದರು ಎಂದು ನೀನು ಹೇಳುವುದಾದರೆ ಈ ವ್ಯವಹಾರವೇ ಬೇಡ” ಎಂದರು.

ಹವ್ಯಾಸಿಗಳ ನಡುವೆ ನಂಬಿಕೆ ಮುರಿಯುವುದು ಬಹುಮಟ್ಟಿಗೆ ಇಂಥ ಕಡೆಯೇ. ಕೊಳ್ಳುವವನು ಕಾಗದವನ್ನು ಶಂಕಿಸುತ್ತಾನೆ, ಮಾರುವವರಿಗೆ ಅದು ತೀರಿಹೋದವರ ಮೇಲಿನ ಆರೋಪದಂತೆ ಕೇಳಿಸುತ್ತದೆ. ನಾನು ಇಬ್ಬರಿಗೂ ಹೇಳಿದ್ದು ಇಷ್ಟೇ: ಸಹಿ ಒಂದು ವಿಷಯ, ಸಹಿಯ ಬಗ್ಗೆ ಹೇಳುವ ಕತೆ ಇನ್ನೊಂದು ವಿಷಯ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸೋಣ. ಒಂದು ಬಿದ್ದುಹೋದರೆ ಇನ್ನೊಂದೂ ಬೀಳಬೇಕಾಗಿಲ್ಲ.

ತರುಣನ ಮನಸ್ಸಿನಲ್ಲಿ ಪ್ರಮಾಣಪತ್ರದ ಆಸೆ ಇನ್ನೂ ಉಳಿದಿತ್ತು. “ಯಾವುದಾದರೂ ಸಂಸ್ಥೆಯಿಂದ ಸರ್ಟಿಫಿಕೇಟ್ ಮಾಡಿಸಬಹುದಲ್ಲ, ಸರ್?” ಎಂದು ಕೇಳಿದ. ಸಹಿ ಹಾಕುವಾಗಲೇ ಎದುರಿಗಿದ್ದು, ನೋಡಿ ಬರೆದ ಪ್ರಮಾಣಪತ್ರಕ್ಕೆ ಬೆಲೆ ಇದೆ. ಐವತ್ತು ವರ್ಷ ಕಳೆದ ಮೇಲೆ ಯಾರೋ ಕೊಡುವ ಪತ್ರ ಅಭಿಪ್ರಾಯ ಮಾತ್ರ. ಕೊಟ್ಟವರು ಯಾರು, ಯಾವ ಆಧಾರದ ಮೇಲೆ ಕೊಟ್ಟರು ಎಂಬುದರ ಮೇಲೆ ಅದರ ತೂಕ ನಿಂತಿದೆ. ಅಮೆರಿಕದ ಎಫ್‌ಬಿಐ 1990ರ ದಶಕದಲ್ಲಿ ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಲ್ಲಿ ನಡೆಸಿದ ತನಿಖೆಯಲ್ಲಿ ಆಟಗಾರರ ಸಹಿಗಳನ್ನು ಖೋಟಾ ಮಾಡಿ ಮಾರುತ್ತಿದ್ದ ದೊಡ್ಡ ಜಾಲವೇ ಸಿಕ್ಕಿಬಿತ್ತು. ಮದರ್ ತೆರೇಸಾ ಅವರ ಸಹಿ ಇದೆ ಎನ್ನುವ ಬೇಸ್‌ಬಾಲ್ ಚೆಂಡುಗಳೂ ಆ ಸರಕಿನಲ್ಲಿದ್ದವು! ಆ ನಕಲಿ ಮಾಲಿನ ಜೊತೆಗೆ ಪ್ರಮಾಣಪತ್ರಗಳೂ ಬರುತ್ತಿದ್ದವು. ಸಹಿಯನ್ನೇ ಖೋಟಾ ಮಾಡುವವನಿಗೆ ಪತ್ರ ಅಚ್ಚು ಮಾಡಿಸುವುದು ಏನು ಕಷ್ಟ?

ಕಾಗದದ ಮೇಲೆ ಕಂಡದ್ದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದಾಗ ಮೊದಲ ಅನುಮಾನ ಹೋಯಿತು. ಅಚ್ಚಿನ ಸಹಿಯಾದರೆ ಗೆರೆಯೊಳಗೆ ಸಣ್ಣ ಚುಕ್ಕೆಗಳ ಸಾಲು ಕಾಣುತ್ತದೆ, ಇಲ್ಲವೇ ಗೆರೆ ಎಲ್ಲ ಕಡೆ ಒಂದೇ ಬಣ್ಣದಲ್ಲಿ ಚಪ್ಪಟೆಯಾಗಿರುತ್ತದೆ. ಇಲ್ಲಿ ಶಾಯಿ ಕಾಗದದ ಎಳೆಗಳೊಳಗೆ ಇಳಿದಿತ್ತು. ತಿರುವುಗಳಲ್ಲಿ ದಟ್ಟವಾಗಿ, ಓಟದಲ್ಲಿ ತೆಳುವಾಗಿ ಹರಿದಿತ್ತು. ಟಾರ್ಚನ್ನು ಒಂದು ಪಕ್ಕದಿಂದ ಓರೆಯಾಗಿ ಹಿಡಿದಾಗ ಬಾಲ್ ಪೆನ್ನಿನ ಸಹಿಗಳು ಕಾಗದದಲ್ಲಿ ಕೊರೆದ ಸಣ್ಣ ಕಾಲುವೆಗಳು ಎದ್ದು ಕಂಡವು. ಎಲ್ಲವೂ ಕೈಯಿಂದಲೇ ಬರೆದವು, ಅಷ್ಟು ಖಚಿತ.

ನೋಟು ಪರೀಕ್ಷಿಸುವ ನೇರಳಾತೀತ ದೀಪದಿಂದಲೂ ನೋಡಬೇಕೆಂದು ತರುಣ ಒತ್ತಾಯಿಸಿದ. ಕಾಗದದ ಬಿಳುಪು ಹೆಚ್ಚಿಸುವ ರಾಸಾಯನಿಕಗಳ ಬಳಕೆ ವ್ಯಾಪಕವಾದದ್ದು 1950ರ ದಶಕದ ಹೊತ್ತಿಗೆ. ಅಂಥ ಕಾಗದ ಆ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. 1930ರ ದಶಕದ ಗಾಂಧೀಜಿ ಸಹಿ ಎಂದು ತಂದ ಕಾಗದ ಹಾಗೆ ಹೊಳೆದರೆ ಅಲ್ಲಿಗೆ ಮಾತು ಮುಗಿಯಿತು. (ಗಾಂಧೀಜಿ ಹರಿಜನ ನಿಧಿಗೆ ಐದು ರೂಪಾಯಿ ಪಡೆದು ಸಹಿ ಕೊಡುತ್ತಿದ್ದರು. ಅವರ ಅಸಲಿ ಸಹಿಗಳು ದೇಶದ ತುಂಬ ಇರುವುದರಿಂದಲೇ ನಕಲಿಗಳಿಗೂ ಮರೆ ಸಿಗುತ್ತದೆ.) ನಮ್ಮ ಹಾಳೆಯ ವಿಷಯದಲ್ಲಿ ಈ ದೀಪದಿಂದ ಪ್ರಯೋಜನವಿರಲಿಲ್ಲ. 1971ರ ಕಾಗದವನ್ನೂ ಅದರ ಆಚೀಚಿನ ವರ್ಷಗಳ ಕಾಗದವನ್ನೂ ಅದು ಬೇರ್ಪಡಿಸಿ ತೋರಿಸಲಾರದು.

ಮುಂದಿನದು ತಾಳೆ ನೋಡುವ ಕೆಲಸ. ಎರಡು ವಿಷಯಗಳಲ್ಲಿ ಹವ್ಯಾಸಿಗಳು ಎಡವುವುದನ್ನು ಪದೇ ಪದೇ ಕಂಡಿದ್ದೇನೆ. ಮೊದಲನೆಯದು, ಮಾದರಿಯನ್ನೂ ಮಾರುಕಟ್ಟೆಯಿಂದಲೇ ತರುವುದು. ಮಾರಾಟಕ್ಕಿರುವ ಸಹಿಯನ್ನು ಮಾರಾಟಕ್ಕಿರುವ ಇನ್ನೊಂದು ಸಹಿಯೊಂದಿಗೆ ಹೋಲಿಸಿದರೆ, ಒಬ್ಬನೇ ಖೋಟಾಗಾರನ ಎರಡು ಕೆಲಸಗಳು ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಎರಡನೆಯದು, ವಯಸ್ಸನ್ನು ಮರೆಯುವುದು. ತರುಣನ ಬಳಿ ವಿಶ್ವನಾಥ್ ಅವರು ಈಚಿನ ವರ್ಷಗಳಲ್ಲಿ ಅವನೆದುರೇ ಹಾಕಿಕೊಟ್ಟ ಸಹಿ ಇತ್ತು. ಅದು ನಿಸ್ಸಂದೇಹವಾಗಿ ಅಸಲಿ. ಆದರೆ ಇಪ್ಪತ್ತರ ಹರೆಯದ ಕೈಗೂ ಎಪ್ಪತ್ತು ದಾಟಿದ ಕೈಗೂ ಹೋಲಿಕೆ ಹುಡುಕಿದರೆ ಎರಡರಲ್ಲಿ ಯಾವುದೋ ಒಂದಕ್ಕೆ ಅನ್ಯಾಯವಾಗುತ್ತದೆ. ಬೆಂಗಳೂರಿನ ಹಿರಿಯರೊಬ್ಬರು 1970ರ ದಶಕದಲ್ಲಿ ತಾವೇ ಆಟಗಾರರ ಬಳಿ ಹೋಗಿ ಸಹಿ ಹಾಕಿಸಿಕೊಂಡ ಸ್ಕೋರ್ ಕಾರ್ಡುಗಳನ್ನು ಜೋಪಾನ ಮಾಡಿದ್ದಾರೆ. ಅವರ ಸಂಗ್ರಹದಲ್ಲಿ ಕೊಂಡದ್ದು ಒಂದೂ ಇಲ್ಲ. ಅವುಗಳ ಸ್ಪಷ್ಟ ಚಿತ್ರಗಳನ್ನು ತರಿಸಿಕೊಂಡೆವು. ಅಜಿತ್ ವಾಡೇಕರ್ ಸ್ಟೇಟ್ ಬ್ಯಾಂಕಿನ ಅಧಿಕಾರಿಯಾಗಿದ್ದವರು. ಅವರ ಕೈಯಿಂದ ಸಹಿಯಾದ ಪತ್ರವೊಂದು ಅಲ್ಲಿ ದುಡಿದ ನನ್ನ ಗೆಳೆಯರ ಮನೆಯಲ್ಲೇ ಇತ್ತು. ಕಚೇರಿಯ ಸಹಿಗೂ ಕ್ರೀಡಾಂಗಣದ ಸಹಿಗೂ ವ್ಯತ್ಯಾಸವಿರುತ್ತದೆ, ಆದರೂ ಅಕ್ಷರ ತಿರುಗಿಸುವ ಅಭ್ಯಾಸ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ತಾಳೆ ನೋಡುವಾಗ ಆಕಾರಕ್ಕಿಂತ ಓಟವನ್ನು ನೋಡಬೇಕು. ಆಕಾರವನ್ನು ಯಾರು ಬೇಕಾದರೂ ನೋಡಿ ಬಿಡಿಸಬಹುದು. ಅಸಲಿ ಸಹಿಯಲ್ಲಿ ಪೆನ್ನು ಕಾಗದಕ್ಕೆ ತಾಗುವ ಮೊದಲೇ ಕೈ ಚಲನೆಯಲ್ಲಿರುತ್ತದೆ, ಕಾಗದ ಬಿಟ್ಟ ಮೇಲೂ ಚಲಿಸುತ್ತಿರುತ್ತದೆ. ಹೀಗಾಗಿ ಗೆರೆಯ ತುದಿಗಳು ಸೂಜಿಯಂತೆ ಚೂಪಾಗುತ್ತವೆ. ನೋಡಿ ಬರೆಯುವವನು ನಿಂತು ಹೊರಡುತ್ತಾನೆ, ನಿಂತು ಮುಗಿಸುತ್ತಾನೆ. ಅವನ ಗೆರೆಯ ತುದಿಗಳು ಮೊಂಡು. ನಡುವೆ ಮೂಲವನ್ನು ನೋಡಲು ಪೆನ್ನು ಎತ್ತಿ ಮತ್ತೆ ಇಟ್ಟ ಗುರುತು ಉಳಿಯುತ್ತದೆ. ಇನ್ನೊಂದು ಮಾತನ್ನೂ ಹೇಳಬೇಕು. ಎರಡು ಸಹಿಗಳು ಒಂದರ ಮೇಲೊಂದು ಇಟ್ಟರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಕೂತುಬಿಟ್ಟರೆ ಬ್ಯಾಂಕಿನಲ್ಲಿ ನಾವು ಸಂತೋಷಪಡುತ್ತಿರಲಿಲ್ಲ, ಚೆಕ್ಕನ್ನು ತಡೆಹಿಡಿಯುತ್ತಿದ್ದೆವು. ಬದುಕಿರುವ ಮನುಷ್ಯನ ಕೈ ಒಂದೇ ಸಹಿಯನ್ನು ಎರಡು ಸಲ ಹಾಕುವುದಿಲ್ಲ.

ವಿಶ್ವನಾಥ್, ಚಂದ್ರಶೇಖರ್, ವಾಡೇಕರ್, ಬಿಷನ್ ಸಿಂಗ್ ಬೇಡಿ, ಫಾರೂಖ್ ಎಂಜಿನಿಯರ್, ಏಕನಾಥ ಸೋಲ್ಕರ್, ಆಬಿದ್ ಅಲಿ, ಸಲೀಂ ದುರಾನಿ ಇಷ್ಟು ಸಹಿಗಳಲ್ಲಿ ಓಟ ಸರಿಯಾಗಿತ್ತು. ಮಾದರಿ ಸಿಕ್ಕವುಗಳಲ್ಲಿ ಅಕ್ಷರದ ಅಭ್ಯಾಸವೂ ಹೊಂದಿಕೆಯಾಯಿತು. ಹನ್ನೊಂದರಲ್ಲಿ ಒಂದನ್ನು ಇಂದಿಗೂ ಓದಲಾಗಿಲ್ಲ. ಇನ್ನೆರಡರ ಕತೆ ಮುಂದೆ ಬರುತ್ತದೆ.

ಹೆಸರುಗಳು ಹೇಳಿದ್ದು

ದುರಾನಿ ಹೆಸರು ಓದಿದ ಕೂಡಲೇ ನನಗೆ ಹಾಳೆಯ ವರ್ಷದ ಮೇಲೆ ಸಂಶಯ ಹುಟ್ಟಿತು. 1971ರಲ್ಲಿ ವಾಡೇಕರ್ ತಂಡ ಎರಡು ಪ್ರವಾಸ ಮಾಡಿತು. ವೆಸ್ಟ್ ಇಂಡೀಸಿಗೆ ಹೋದಾಗ ದುರಾನಿ ಇದ್ದರು. ಪೋರ್ಟ್ ಆಫ್ ಸ್ಪೇನಿನಲ್ಲಿ ಸೋಬರ್ಸ್ ಮತ್ತು ಲಾಯ್ಡ್ ವಿಕೆಟ್ ಕಿತ್ತು ಪಂದ್ಯ ತಿರುಗಿಸಿದ್ದು ಅವರೇ. ಇಂಗ್ಲೆಂಡಿಗೆ ಹೋದ ತಂಡದಲ್ಲಿ ಅವರು ಇರಲಿಲ್ಲ. ಎಂಜಿನಿಯರ್ ಲೆಕ್ಕ ಇದಕ್ಕೆ ತಿರುಗು ಮುರುಗು. ಅವರು ವೆಸ್ಟ್ ಇಂಡೀಸಿಗೆ ಹೋಗಿರಲಿಲ್ಲ. ಇಂಗ್ಲೆಂಡಿನಲ್ಲಿ ಲ್ಯಾಂಕಾಷೈರ್ ಪರ ಆಡುತ್ತಿದ್ದವರು ಟೆಸ್ಟುಗಳಿಗೆ ಮಾತ್ರ ಭಾರತ ತಂಡವನ್ನು ಸೇರಿಕೊಂಡರು. ಹಾಗಾದರೆ ದುರಾನಿ ಮತ್ತು ಎಂಜಿನಿಯರ್ ಇಬ್ಬರೂ 1971ರ ಒಂದೇ ಪ್ರವಾಸದ ಹಾಳೆಯಲ್ಲಿ ಸೇರಿದ್ದು ಹೇಗೆ?

ಇದ್ದವರಷ್ಟೇ ಮುಖ್ಯ, ಇಲ್ಲದವರು. ಓವಲ್ ಗೆಲುವಿನಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದು ಎಲ್ಲರಿಗೂ ನೆನಪಿದೆ. ಆ ಪಂದ್ಯದ ಎರಡೂ ಇನಿಂಗ್ಸ್‌ಗಳಲ್ಲಿ ಬ್ಯಾಟಿಂಗನ್ನು ಹೆಗಲ ಮೇಲೆ ಹೊತ್ತವರು ಮಡಗಾಂವಿನಲ್ಲಿ ಹುಟ್ಟಿದ ದಿಲೀಪ್ ಸರ್ದೇಸಾಯಿ. ಓವಲ್ ತಂಡದ ಹಾಳೆಯಲ್ಲಿ ಅವರ ಸಹಿಯೇ ಇಲ್ಲವೆಂದರೆ ಅದಕ್ಕೆ ಕಾರಣ ಬೇಕು.

ಬಲ ಮೂಲೆಯ ಸಹಿಯಲ್ಲಿ ‘ಅಲಿ’ ಎಂಬಷ್ಟು ಮಾತ್ರ ಸಲೀಸಾಗಿ ಓದಲು ಸಿಗುತ್ತಿತ್ತು. ಮನೆಯವರು ಅದನ್ನು ಆಬಿದ್ ಅಲಿ ಎಂದುಕೊಂಡಿದ್ದರು. ಆದರೆ ಆಬಿದ್ ಅಲಿ ಸಹಿ ಹಾಳೆಯ ನಡುವೆ ಇನ್ನೂ ಸ್ಪಷ್ಟವಾಗಿ ಇತ್ತಲ್ಲ! ಒಬ್ಬ ಆಟಗಾರ ಒಂದೇ ಹಾಳೆಯಲ್ಲಿ ಎರಡು ಸಲ ಸಹಿ ಹಾಕುವುದುಂಟೇ? ಆ ಸಹಿಯ ಮುಂಭಾಗವನ್ನು ದೊಡ್ಡದು ಮಾಡಿ ನೋಡುತ್ತ ಕೂತಾಗ ‘ಮನ್ಸೂರ್’ ಬಿಡಿಸಿಕೊಂಡಿತು. ಮನ್ಸೂರ್ ಅಲಿ ಖಾನ್, ನಮ್ಮೆಲ್ಲರ ಪಟೌಡಿ. ನಾಯಕತ್ವ ವಾಡೇಕರ್ ಪಾಲಾದ ಮೇಲೆ 1971ರ ಎರಡೂ ಪ್ರವಾಸಗಳಿಗೆ ಅವರು ಹೋಗಿರಲಿಲ್ಲ. ಅವರು ವಾಡೇಕರ್ ಕೈಕೆಳಗೆ ಟೆಸ್ಟ್ ಆಡಿದ್ದು 1972-73ರಲ್ಲಿ, ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಾಗ. ದುರಾನಿಯೂ ಆ ಸರಣಿಯಲ್ಲಿದ್ದರು. ಸರ್ದೇಸಾಯಿ ಅದೇ ಸರಣಿಯ ಡಿಸೆಂಬರಿನ ದೆಹಲಿ ಟೆಸ್ಟಿನೊಂದಿಗೆ ಟೆಸ್ಟ್ ಬದುಕು ಮುಗಿಸಿದ್ದರು. ಹೆಸರುಗಳೆಲ್ಲ ಈಗ ಒಂದೇ ಕಡೆ ಬೆರಳು ತೋರಿಸುತ್ತಿದ್ದವು: ಫೆಬ್ರವರಿ 1973, ಬ್ರೆಬೋರ್ನ್ ಕ್ರೀಡಾಂಗಣ.

ಖಚಿತಪಡಿಸಿಕೊಳ್ಳಲು ಹಾಳೆಯ ಹಿಂಬದಿ ನೋಡಬೇಕಿತ್ತು. ಹಬೆ ಹಿಡಿದು ಅಂಟು ಬಿಡಿಸೋಣ ಎಂದು ತರುಣ ಹೇಳಿದ. ನಾನು ಒಪ್ಪಲಿಲ್ಲ. ಶಾಯಿ ಪೆನ್ನಿನ ಸಹಿಗೆ ನೀರಿನ ಪಸೆ ತಾಗಿದರೆ ಅದು ಹರಡಿಕೊಳ್ಳುತ್ತದೆ, ಆಮೇಲೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಅದೃಷ್ಟಕ್ಕೆ ಮೈದಾ ಅಂಟು ನಾಲ್ಕು ಮೂಲೆಗಳಲ್ಲಿ ಮಾತ್ರ ಇತ್ತು, ನಡುಭಾಗ ಬಿಟ್ಟುಕೊಂಡು ಸ್ವಲ್ಪ ಉಬ್ಬಿತ್ತು. ಆ ಸಂದಿನಲ್ಲಿ ದಂತವೈದ್ಯರು ಬಳಸುವಂಥ ಸಣ್ಣ ಕನ್ನಡಿ ತೂರಿಸಿ, ಪಕ್ಕದಿಂದ ಬೆಳಕು ಬಿಟ್ಟು, ಕನ್ನಡಿಯಲ್ಲಿ ಕಂಡದ್ದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು, ಚಿತ್ರವನ್ನು ಎಡಬಲ ತಿರುಗಿಸಿದೆವು. ಹಿಂಬದಿಯಲ್ಲೂ ಸಹಿಗಳಿದ್ದವು. ಹೆಚ್ಚಿನವು ಅರ್ಧಂಬರ್ಧ ಕಂಡವು. ಒಂದು ಮಾತ್ರ ಪೂರ್ತಿ ಓದಲು ಬಂತು: ಲೂಯಿಸ್. 1971ರಲ್ಲಿ ಇಂಗ್ಲೆಂಡಿನ ನಾಯಕ ರೇ ಇಲಿಂಗ್‌ವರ್ತ್. 1972-73ರಲ್ಲಿ ಭಾರತಕ್ಕೆ ತಂಡ ಕರೆತಂದವರು ಟೋನಿ ಲೂಯಿಸ್. ಅವರು ತಮ್ಮ ಮೊದಲ ಟೆಸ್ಟ್ ಆಡಿದ್ದೇ ಆ ಪ್ರವಾಸದಲ್ಲಿ, ಅದೂ ನಾಯಕನಾಗಿ.

ಶಿಕ್ಷಕಿಗೆ ಇದನ್ನು ಹೇಳುವಾಗ ನನಗೆ ಅಳುಕಿತ್ತು. ಅವರು ಸುಮ್ಮನೆ ಕೇಳಿಸಿಕೊಂಡು, “ಹಾಗಾದರೆ ಅಪ್ಪ ತಪ್ಪು ಬರೆದರೇ?” ಎಂದರು. ಉತ್ತರ ಆ ಪುಟದಲ್ಲೇ ಇತ್ತು. ‘ಇಂಗ್ಲೆಂಡನ್ನು ಗೆದ್ದ ನಮ್ಮ ತಂಡ’ ಎಂಬ ಸಾಲು ಶಾಯಿ ಪೆನ್ನಿನದು, ಕಾಲಕ್ಕೆ ಕಂದಿದ ಬಣ್ಣ. ‘1971, ಓವಲ್’ ಎಂಬುದು ಬಾಲ್ ಪೆನ್ನಿನದು, ಇನ್ನೂ ನೀಲಿ. ಆಲ್ಬಮಿನ ಬೇರೆ ಪುಟಗಳನ್ನು ತಿರುವಿದರೆ ತಂದೆ ಇಸವಿ ಬರೆದ ಕಡೆಯೆಲ್ಲ ಕನ್ನಡ ಅಂಕಿಗಳೇ ಇದ್ದವು. ಈ ಒಂದು ಕಡೆ ಮಾತ್ರ ಇಂಗ್ಲಿಷ್ ಅಂಕಿ. ಮಂಗಳೂರಿನಲ್ಲಿರುವ ತಮ್ಮನಿಗೆ ಅವರು ಅಲ್ಲಿಂದಲೇ ಫೋನ್ ಮಾಡಿದರು. “ಅಕ್ಕಾ, ಇಸವಿ ಬರೆದದ್ದು ನಾನೇ. ಇಂಗ್ಲೆಂಡನ್ನು ಗೆದ್ದದ್ದು ಎಂದರೆ ಓವಲ್ ತಾನೇ? ಚೌತಿಯ ದಿನ ಗೆದ್ದದ್ದನ್ನು ಅಪ್ಪ ಎಷ್ಟು ಸಲ ಹೇಳಿಲ್ಲ!” ಎಂದರು ಅವರು. ಓವಲ್ ಗೆಲುವು ಬಂದದ್ದು 1971ರ ಆಗಸ್ಟ್ 24ರಂದು, ಗಣೇಶ ಚೌತಿಯ ದಿನ. ಮನೆಯಲ್ಲಿ ಮತ್ತೆ ಮತ್ತೆ ಕೇಳಿದ ನೆನಪು ಹಾಳೆಗೆ ಅಂಟಿಕೊಂಡಿತ್ತು.

ತಂದೆಯ ಸಾಲಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. 1972-73ರ ಸರಣಿಯನ್ನೂ ಭಾರತ 2-1ರಿಂದ ಗೆದ್ದಿತ್ತು, ವಾಡೇಕರ್ ಅವರೇ ನಾಯಕರು. ದೆಹಲಿಯಲ್ಲಿ ಸೋತು, ಕಲ್ಕತ್ತಾ ಮತ್ತು ಮದ್ರಾಸಿನಲ್ಲಿ ಗೆದ್ದು, ಕಾನ್ಪುರ ಮತ್ತು ಮುಂಬೈ ಟೆಸ್ಟುಗಳನ್ನು ಡ್ರಾ ಮಾಡಿಕೊಂಡಿತು. ಚಂದ್ರಶೇಖರ್ ಆ ಸರಣಿಯಲ್ಲಿ 35 ವಿಕೆಟ್ ಪಡೆದರು. ಮುಂಬೈಯಲ್ಲಿ ವಿಶ್ವನಾಥ್ ಶತಕ ಬಾರಿಸಿದಾಗ ಇಂಗ್ಲೆಂಡಿನ ಎತ್ತರದ ಆಟಗಾರ ಟೋನಿ ಗ್ರೆಗ್, ವಿಶ್ವನಾಥರನ್ನು ಮಗುವಿನಂತೆ ಎತ್ತಿ ತೊಟ್ಟಿಲು ತೂಗಿದ್ದು ಆ ಪಂದ್ಯದಲ್ಲೇ. ಅದಾದ ಮೇಲೆ ಮುಂಬೈಯ ಟೆಸ್ಟುಗಳು ವಾಂಖೆಡೆಗೆ ಹೋದವು. ಬ್ರೆಬೋರ್ನಿಗೆ ಮತ್ತೆ ಟೆಸ್ಟ್ ಬಂದದ್ದು 2009ರಲ್ಲಿ. ಚರ್ಚ್‌ಗೇಟಿನ ಹೋಟೆಲಿನಲ್ಲಿ ದುಡಿಯುತ್ತಿದ್ದವರ ಕೈಗೆ ಲಂಡನ್ನಿನ ಹಾಳೆ ಹೇಗೆ ಬಂತು ಎಂಬ ತರುಣನ ಪ್ರಶ್ನೆಯೂ ಇದರಿಂದ ತಾನಾಗಿ ಬಿದ್ದುಹೋಯಿತು.

ಒಂದು ಸಹಿ ಮಾತ್ರ

ಉಳಿದದ್ದು ಸುನಿಲ್ ಗಾವಸ್ಕರ್ ಹೆಸರಿನ ಸಹಿ. ಹಾಳೆಯಲ್ಲಿ ಎಲ್ಲಕ್ಕಿಂತ ಅಂದವಾಗಿ ಕಾಣುತ್ತಿದ್ದದ್ದು ಅದೇ, ನನಗೆ ತೃಪ್ತಿ ಕೊಡದೇ ಇದ್ದದ್ದೂ ಅದೇ. ಗೆರೆಯ ದಪ್ಪ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ. ತುದಿಗಳು ಮೊಂಡು. ಎರಡು ಕಡೆ ಪೆನ್ನು ಎತ್ತಿ ಮತ್ತೆ ಜೋಡಿಸಿದ ಗಂಟು. ಬೇರೆ ಸಹಿಗಳು ಜಾಗ ಸಿಕ್ಕಲ್ಲಿ ನುಗ್ಗಿ ಒಂದರ ಬಾಲ ಇನ್ನೊಂದರ ಮೇಲೆ ಹತ್ತಿದ್ದವು. ಇದು ಮಾತ್ರ ಎಲ್ಲವನ್ನೂ ತಪ್ಪಿಸಿಕೊಂಡು ಖಾಲಿ ಜಾಗದ ನಡುವೆ ಕೂತಿತ್ತು. ತಂಡದ ಹಾಳೆಗಳಲ್ಲಿ ಇಲ್ಲದವನ ಸಹಿಯನ್ನು ಪಕ್ಕದವನು ಹಾಕಿಬಿಡುವುದು ಎಲ್ಲ ಕಾಲದಲ್ಲೂ ನಡೆದದ್ದೇ. ಮನೆಯಲ್ಲಿ ಯಾರೋ ಆಸೆಗೆ ತುಂಬಿರಲೂಬಹುದು. ಇಸವಿ ಬರೆದದ್ದನ್ನು ಒಪ್ಪಿಕೊಂಡ ತಮ್ಮ, ಇದು ತನ್ನದಲ್ಲ ಎಂದರು. ಯಾವುದೋ ಅನಾನುಕೂಲದಲ್ಲಿ, ನಿಂತ ಕಾಲಲ್ಲಿ, ಗಾವಸ್ಕರ್ ಅವರೇ ನಿಧಾನವಾಗಿ ಹಾಕಿರುವ ಸಾಧ್ಯತೆಯನ್ನೂ ನಾನು ತಳ್ಳಿಹಾಕಲಾರೆ. ನನ್ನ ಅಭಿಪ್ರಾಯ ಅದರ ವಿರುದ್ಧವೇ ಇದೆ. ವರದಿಯಲ್ಲಿ ‘ಗಾವಸ್ಕರ್ ಹೆಸರಿನಲ್ಲಿದೆ, ಅವರದೆಂದು ಹೇಳಲು ಆಧಾರ ಸಾಲದು’ ಎಂದು ಬರೆದೆ.

ಶಿಕ್ಷಕಿಯ ಅಳಿಯನಿಗೆ ಈ ಸಾಲು ಇಷ್ಟವಾಗಲಿಲ್ಲ. ಬೆಲೆ ಇಳಿಯುತ್ತದೆ, ಅದೊಂದನ್ನು ಬಿಟ್ಟು ಬರೆಯಬಹುದಲ್ಲ ಎಂದು ವಾದಿಸಿದರು. ಶಿಕ್ಷಕಿಯೇ ಅವರನ್ನು ತಡೆದರು. “ಅದನ್ನು ಬಿಟ್ಟು ಬರೆದರೆ ಉಳಿದ ಹತ್ತನ್ನು ಅವನು ಯಾಕೆ ನಂಬಬೇಕು?” ಎಂದರು. ಇಡೀ ವ್ಯವಹಾರ ಹಳಿಗೆ ಬಂದದ್ದು ಆ ಮಾತಿನಿಂದ. ತರುಣನ ದನಿ ಅಲ್ಲಿಂದಾಚೆಗೆ ಬದಲಾಯಿತು. ಅವನು ‘ಮೇಡಂ’ ಬಿಟ್ಟು ‘ಅಮ್ಮ’ ಎನ್ನತೊಡಗಿದ.

ಕೊನೆಗೆ ಎರಡು ಪುಟಗಳ ಕನ್ನಡ ಬರಹವೊಂದು ತಯಾರಾಯಿತು. ಕಾಗದದ ಮೇಲೆ ಕಂಡದ್ದು ಒಂದು ಕಡೆ, ಅದರಿಂದ ನಾವು ಊಹಿಸಿದ್ದು ಇನ್ನೊಂದು ಕಡೆ, ಕುಟುಂಬ ಹೇಳುವ ಮಾತು ಮತ್ತೊಂದು ಕಡೆ. ಆಟಗಾರರಿಗೆ ಹೋಟೆಲಿನಿಂದ ಕಾಫಿ ಒಯ್ದಾಗ ತಂದೆ ಸಹಿ ಹಾಕಿಸಿಕೊಂಡರು ಎಂಬ ಮಾತು ಮೂರನೆಯ ಕಡೆ ಸೇರಿತು. ಅದು ನಿಜವಿರಬಹುದು, ಆದರೆ ತೋರಿಸಲು ನಮ್ಮಲ್ಲಿ ಏನೂ ಇಲ್ಲ. ‘1971, ಓವಲ್’ ಎಂಬುದನ್ನು ಅಳಿಸಲು ನಾನು ಬಿಡಲಿಲ್ಲ. ಯಾರು, ಏಕೆ ಬರೆದರು ಎಂಬುದನ್ನು ತಮ್ಮನೇ ಬರೆದು ಸಹಿ ಹಾಕಿ ಕಳುಹಿಸಿದರು. ಹಾಳೆಯ ಎರಡೂ ಬದಿಯ ಚಿತ್ರಗಳು, ಕನ್ನಡಿಯಲ್ಲಿ ತೆಗೆದ ಮಸುಕು ಚಿತ್ರವೂ ಸೇರಿ, ಬರಹದ ಜೊತೆಗಿವೆ.

ಬೆಲೆ ಮೊದಲು ಆಡಿದ್ದಕ್ಕಿಂತ ಕಡಿಮೆಯಾಯಿತು. ಓವಲ್ ಹೆಸರಿಗೆ ಇರುವ ಬೇಡಿಕೆ 1973ರ ಸರಣಿಗೆ ಇಲ್ಲ. ಅದು ಅನ್ಯಾಯವೆಂದೇ ನನಗೆ ತೋರುತ್ತದೆ, ಆದರೆ ಪೇಟೆಯ ರೀತಿ ಹಾಗಿದೆ. ತರುಣ ಗಾವಸ್ಕರ್ ಹೆಸರಿನ ಸಹಿಗೆ ಏನನ್ನೂ ಲೆಕ್ಕ ಹಿಡಿಯಲಿಲ್ಲ, ಪಟೌಡಿ ಸಹಿಗೆ ತಾನಾಗಿಯೇ ಒಂದಿಷ್ಟು ಸೇರಿಸಿದ. ಪಟೌಡಿ ಇದ್ದಾರೆಂದು ಶಿಕ್ಷಕಿಗೆ ಗೊತ್ತೇ ಇರಲಿಲ್ಲ, ಅವನು ಸುಮ್ಮನಿದ್ದಿದ್ದರೂ ಅವರು ಕೇಳುತ್ತಿರಲಿಲ್ಲ. ಮುಂದೆ ಯಾವ ಸಹಿಯಾದರೂ ನಕಲಿಯೆಂದು ಸಾಬೀತಾದರೆ ಒಂದು ವರ್ಷದೊಳಗೆ ಹಾಳೆ ಹಿಂದಿರುಗಿಸಿ ಹಣ ಪಡೆಯಬಹುದೆಂದು ಬರೆದುಕೊಂಡರು.

ತೊಡಕಾದದ್ದು ಆಲ್ಬಮಿನ ಪುಟ. ತಂದೆಯ ಕೈಬರಹವೇ ಹಾಳೆಗೆ ಬಲವಾದ ಸಾಕ್ಷಿ, ಆದ್ದರಿಂದ ಅದು ಹಾಳೆಯ ಜೊತೆಗೇ ಬರಬೇಕೆಂದು ತರುಣ ಕೇಳಿದ. ತಂದೆಯ ಅಕ್ಷರ ಮನೆಯಲ್ಲೇ ಉಳಿಯಬೇಕೆಂದು ಶಿಕ್ಷಕಿ ಹೇಳಿದರು. ಹಾಳೆಯನ್ನು ಪುಟದಿಂದ ಕತ್ತರಿಸಿದರೆ ಎರಡೂ ಹಾಳಾಗುತ್ತಿದ್ದವು. ಕೊನೆಗೆ ಇಡೀ ಪುಟವನ್ನು ಕೊಡಲು ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ: ಅವನು ಎಂದಾದರೂ ಅದನ್ನು ಮಾರುವುದಾದರೆ ಮೊದಲು ಈ ಕುಟುಂಬವನ್ನು ಕೇಳಬೇಕು, ಬರಹವೂ ಹಾಳೆಯ ಜೊತೆಗೇ ಹೋಗಬೇಕು. ಅವನು ಪುಟದಷ್ಟೇ ಅಳತೆಯ ಬಣ್ಣದ ಪ್ರತಿ ಮಾಡಿಸಿ ಡೊಂಬಿವಲಿಗೆ ತಂದುಕೊಟ್ಟ. ಆಲ್ಬಮಿನ ಉಳಿದ ಪುಟಗಳಲ್ಲೂ ಸಹಿಗಳಿವೆ. ಅವನ್ನು ಮಾರುವ ಯೋಚನೆ ಅವರಿಗಿಲ್ಲ, ಆದರೆ ಪ್ರತಿ ಪುಟಕ್ಕೂ ಇಂಥದೇ ಬರಹ ಮಾಡಿಸಿಡಬೇಕೆಂದು ಕೇಳಿದ್ದಾರೆ. ಆ ಕೆಲಸ ಈಗ ನಡೆಯುತ್ತಿದೆ.